ಅರಮನೆಯ ಎರಡನೆಯ ಬದುಕು

ದಾವಣಗೆರೆಯ ಶಾಲೆಯೊಂದರಲ್ಲಿ ನಾನು ಉಪಾಧ್ಯಾಯನಾಗಿದ್ದಾಗ ಒಮ್ಮೆ ವಿದ್ಯಾರ್ಥಿಗಳನ್ನು ಮೈಸೂರಿಗೆ ಪ್ರವಾಸ ಕರೆದೊಯ್ದಿದ್ದೆ. ಅವರಲ್ಲಿ ಹರಿಹರದಿಂದ ದಿನವೂ ಬಂದುಹೋಗುವ ಹುಡುಗರೂ ಇದ್ದರು. ದಾರಿಯುದ್ದಕ್ಕೂ ನಮ್ಮೂರಿನ ಮಂಡಕ್ಕಿಯೇ ಬುತ್ತಿಯಾಗಿತ್ತು. ದೊಡ್ಡ ಅರಮನೆಯನ್ನು ನೋಡಿ ಮುಗಿಸಿ, ಮೊದಲೇ ಅನುಮತಿ ಪಡೆದಿದ್ದ ಇನ್ನೊಂದು ಭವ್ಯಭವನದ ಮುಂದೆ ಬಂದು ನಿಂತೆವು. ಯುರೋಪಿನ ಶೈಲಿಯ ಸಾಲುಗಂಬಗಳು, ಸುತ್ತಲೂ ವಿಶಾಲವಾದ ತೋಟ. ಆದರೆ ಒಳಗೆ ಓಡಾಡುತ್ತಿದ್ದವರು ವಿಜ್ಞಾನಿಗಳು! “ಸಾರ್, ಇದು ಈಗ ಯಾರ ಅರಮನೆ?” ಎಂದು ಹುಡುಗನೊಬ್ಬನು ಕೇಳಿದನು.

ಅದು ಚೆಲುವಾಂಬ ವಿಲಾಸ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೂವರು ರಾಜಕುಮಾರಿಯರಿಗಾಗಿ ಮೂರು ಭವನಗಳಿದ್ದವು. ಜಯಲಕ್ಷ್ಮಮ್ಮಣ್ಣಿಯವರದು 1905ರಲ್ಲಿ ಕಟ್ಟಿದ ಜಯಲಕ್ಷ್ಮೀ ವಿಲಾಸ. ಕೃಷ್ಣಾಜಮ್ಮಣ್ಣಿಯವರದು ಕಾರಂಜಿ ವಿಲಾಸ. ಚೆಲುವಾಜಮ್ಮಣ್ಣಿಯವರದು ಈ ಚೆಲುವಾಂಬ ವಿಲಾಸ. ಸ್ವಾತಂತ್ರ್ಯ ಬಂದ ಮೇಲೆ ರಾಜ್ಯಗಳು ಒಂದಾದವು, ಅರಸೊತ್ತಿಗೆಗಳು ಅಳಿದವು. ಆದರೆ ಮೂರು ಭವನಗಳೂ ಉಳಿದವು. ಮೊದಲನೆಯದು ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿ ಜಾನಪದ ವಸ್ತುಸಂಗ್ರಹಾಲಯಕ್ಕೆ ನೆಲೆಯಾಯಿತು. ಎರಡನೆಯದು ಅಂಚೆ ನೌಕರರ ತರಬೇತಿ ಕೇಂದ್ರವಾಯಿತು. ಮೂರನೆಯದರಲ್ಲಿ 1950ರ ಅಕ್ಟೋಬರ್ 21ರಂದು ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯು ಆರಂಭವಾಯಿತು. ಡಾ. ವಿ. ಸುಬ್ರಹ್ಮಣ್ಯನ್ ಅದರ ಮೊದಲ ನಿರ್ದೇಶಕರು.

ಆಗ ದೇಶಕ್ಕೆ ಅನ್ನದ್ದೇ ಚಿಂತೆ. ಬೆಳೆದ ಧಾನ್ಯವು ಹುಳುಹಿಡಿದು ಹಾಳಾಗದಂತೆ ಕಾಪಾಡುವುದು ಹೇಗೆ? ಹಣ್ಣುಗಳನ್ನು ಕೆಡದಂತೆ ಇಡುವುದು ಹೇಗೆ? ಇಂತಹ ಪ್ರಶ್ನೆಗಳಿಗೆ ಈ ಭವನದಲ್ಲಿ ಉತ್ತರ ಹುಡುಕತೊಡಗಿದರು. ಎಮ್ಮೆಯ ಹಾಲಿನಿಂದ ಹಸುಳೆಗಳಿಗೆ ತಕ್ಕ ಆಹಾರಪುಡಿಯನ್ನು ತಯಾರಿಸುವ ವಿಧಾನವನ್ನು 1950ರ ದಶಕದಲ್ಲಿ ಇಲ್ಲಿಯೇ ಕಂಡುಹಿಡಿದರು. ಗುಜರಾತಿನ ಅಮುಲ್ ಸಹಕಾರ ಸಂಘವು ಅದನ್ನು ಮನೆಮನೆಗೆ ಮುಟ್ಟಿಸಿತು. ಒಬ್ಬ ರಾಜಕುಮಾರಿಗೆಂದು ಕಟ್ಟಿದ ಮನೆಯು ಲಕ್ಷಾಂತರ ಶಿಶುಗಳ ಹಸಿವಿಗೆ ಒದಗಿತು!

ಆದರೆ ಹಳೆಯ ಕಟ್ಟಡವು ಆರೈಕೆಯನ್ನು ಬೇಡುತ್ತದೆ. ಜಯಲಕ್ಷ್ಮೀ ವಿಲಾಸವನ್ನೇ ನೋಡಿರಿ. ಶಿಥಿಲವಾಗಿದ್ದ ಅದು 2000ದ ದಶಕದಲ್ಲಿ ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ಜೀರ್ಣೋದ್ಧಾರಗೊಂಡಿತು. ಕೆಲವು ವರ್ಷಗಳಲ್ಲಿಯೇ ಅದರ ಭಾಗಗಳು ಮತ್ತೆ ಕುಸಿಯತೊಡಗಿದವು. ಅರಸರ ಮನೆಯನ್ನು ಅರಸರು ನೋಡಿಕೊಳ್ಳುತ್ತಿದ್ದರು. ಎಲ್ಲರ ಮನೆಯನ್ನು ನೋಡಿಕೊಳ್ಳುವವರು ಯಾರು?

ಪ್ರಶ್ನೆ ಕೇಳಿದ ಹುಡುಗನ ತಂದೆಗೆ ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಯಿತ್ತು. “ನಿಮ್ಮ ಭಟ್ಟಿಯಲ್ಲಿ ಭತ್ತವು ಮಂಡಕ್ಕಿಯಾಗುತ್ತದಲ್ಲವೆ? ಆ ವಿದ್ಯೆಯನ್ನೇ ಇಲ್ಲಿ ದೊಡ್ಡದಾಗಿ ಅಭ್ಯಾಸ ಮಾಡುತ್ತಾರೆ. ಇದು ನಿನ್ನ ಅರಮನೆಯೇ, ಮಗು” ಎಂದೆ. ಕಂಬದ ಮೇಲೆ ಹೆಸರು ಕೆತ್ತಲೆಂದು ಕೈಯಲ್ಲಿ ಹಿಡಿದಿದ್ದ ಮೊಳೆಯನ್ನು ಅವನು ಮೆಲ್ಲನೆ ಜೇಬಿಗೆ ಹಾಕಿಕೊಂಡನು.

ಅಭ್ಯಾಸ
1. ಮೂರು ಭವನಗಳು ಇಂದು ಯಾವ ಯಾವ ಕಾರ್ಯಕ್ಕೆ ಒದಗಿವೆ?
2. ಹುಡುಗನು ಮೊಳೆಯನ್ನು ಜೇಬಿಗೆ ಹಾಕಿಕೊಂಡುದೇಕೆ?
3. ನಿಮ್ಮ ಊರಿನ ಹಳೆಯ ಕಟ್ಟಡವೊಂದರ ಚರಿತ್ರೆಯನ್ನು ಹಿರಿಯರಿಂದ ಕೇಳಿ ಬರೆಯಿರಿ.