ಭೂಮೇಲ್ಮೈ ಮಾದರಿಗಳು: ಹೋಲಿಕೆ

ಅರ್ಥ: ಮಣ್ಣು, ಸಸ್ಯ, ಹಿಮ ಹಾಗೂ ವಾಯುಮಂಡಲದ ನಡುವಿನ ನೀರು, ಶಾಖ, ಇಂಗಾಲದ ವಿನಿಮಯವನ್ನು ಲೆಕ್ಕಹಾಕುವ ಗಣಿತ ಮಾದರಿ.

ಮುಖ್ಯ ಮಾದರಿಗಳು
• ಬಕೆಟ್ ಮಾದರಿ (1969): ಸ್ಯುಕುರೊ ಮನಾಬೆ (2021ರ ಭೌತಶಾಸ್ತ್ರ ನೊಬೆಲ್). ಮಣ್ಣು ಹಿಡಿಯುವ ನೀರು ಗರಿಷ್ಠ 15 ಸೆಂ.ಮೀ.; ಮಿಕ್ಕಿದ್ದು ಹರಿದುಹೋಗುತ್ತದೆ. ಸಸ್ಯಗಳ ಪ್ರತ್ಯೇಕ ಲೆಕ್ಕವಿಲ್ಲ.
• ಬ್ಯಾಟ್ಸ್, ಸಿಬ್ (1986): ಪತ್ರರಂಧ್ರಗಳ ಮೂಲಕ ನಡೆಯುವ ಬಾಷ್ಪವಿಸರ್ಜನೆ ಸೇರಿತು.
• ನೋವಾ: ಅಮೆರಿಕದ್ದು. ಮಣ್ಣಿನ 4 ಪದರ, ಒಟ್ಟು 2 ಮೀ. ಆಳ. ಭಾರತದ ಮಾನ್ಸೂನ್ ಮಿಷನ್‌ನ ಸಿಎಫ್‌ಎಸ್ ಹವಾಮಾನ ಮುನ್ಸೂಚನಾ ಮಾದರಿಯಲ್ಲಿ ಬಳಕೆ.
• ಜೂಲ್ಸ್: ಬ್ರಿಟನ್ನಿನದು.

ಹೋಲಿಕಾ ಯೋಜನೆಗಳು
• ಪಿಲ್ಪ್ಸ್ (1992ರಿಂದ): ಒಂದೇ ದತ್ತಾಂಶ ಕೊಟ್ಟರೂ ಆವಿಯಾಗುವಿಕೆ, ನೀರಿನ ಹರಿವಿನ ಫಲಿತಾಂಶ ಮಾದರಿಯಿಂದ ಮಾದರಿಗೆ ಭಿನ್ನ.
• ಗ್ಲೇಸ್ (2004): 12 ಮಾದರಿಗಳ ಅಧ್ಯಯನ. ಮಣ್ಣಿನ ತೇವಾಂಶ ಮಳೆಯ ಮೇಲೆ ಹೆಚ್ಚು ಪ್ರಭಾವ ಬೀರುವ ಪ್ರದೇಶಗಳು: ಉತ್ತರ ಅಮೆರಿಕದ ಗ್ರೇಟ್ ಪ್ಲೇನ್ಸ್, ಆಫ್ರಿಕಾದ ಸಾಹೇಲ್, ಭಾರತ.