ನಡುವಿನ ಗಂಟುಗಳನ್ನು ಮರೆಯಬೇಡಿ

ಸಾಹಿತ್ಯ ಬಳಗದ ಪತ್ರಿಕೆಯಲ್ಲಿ ಕಬ್ಬಿಣದ ಲೆಕ್ಕ ಯಾಕಪ್ಪಾ ಎಂದು ಕೆಲವರು ಮೂಗು ಮುರಿದಾರು. ಆದರೆ ಪುಣೆಯಲ್ಲಿ ಓದುವ ನಮ್ಮ ಕನ್ನಡದ ಹುಡುಗರಲ್ಲಿ ಹಲವರು ನಾಳೆ ಪಿಂಪ್ರಿ-ಚಿಂಚವಡ, ಭೋಸರಿಯ ಕಾರ್ಖಾನೆಗಳಲ್ಲೇ ಅನ್ನ ಹುಡುಕುವವರು. ತರಬೇತಿಯಲ್ಲಿದ್ದಾಗ ನಾನು ಮಾಡಿದ ಒಂದು ತಪ್ಪು ಅವರಿಗೆ ಪಾಠವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ವಿಷಯ ತಿಳಿಯೋಣ. ಒಂದು ಬಿಡಿಭಾಗ ಎಷ್ಟು ಭಾರ ತಡೆದೀತೆಂದು ನೋಡಲು ಕಂಪ್ಯೂಟರಿನಲ್ಲಿ ಅದನ್ನು ಸಾವಿರಾರು ಚಿಕ್ಕ ತುಂಡುಗಳಾಗಿ ಒಡೆಯುತ್ತೇವೆ. ಇದೇ ಫೈನೈಟ್ ಎಲಿಮೆಂಟ್ ವಿಧಾನ. ಈ ಹೆಸರನ್ನು ರೇ ಕ್ಲಫ್ ಎಂಬ ಅಮೆರಿಕದ ಪ್ರಾಧ್ಯಾಪಕರು 1960ರಲ್ಲಿ ಬಳಕೆಗೆ ತಂದರು. ತುಂಡುಗಳು ಒಂದಕ್ಕೊಂದು ಕೂಡುವ ಬಿಂದುವಿಗೆ ನೋಡ್ ಎನ್ನುತ್ತಾರೆ. ನಾವು ಗಂಟು ಅನ್ನೋಣ. ನಾಲ್ಕು ಮುಖದ ಸಾದಾ ತುಂಡಿಗೆ ಮೂಲೆಗೊಂದರಂತೆ 4 ಗಂಟು. ಮೇಲ್ದರ್ಜೆಯ ತುಂಡಿಗೆ ಆರು ಅಂಚುಗಳ ನಡುವೆಯೂ ಒಂದೊಂದು ಸೇರಿ ಒಟ್ಟು 10. ಆಗ ಅಂಚು ಬಿಲ್ಲಿನಂತೆ ಬಾಗಬಲ್ಲದು, ಉತ್ತರ ನಿಜಕ್ಕೆ ಹತ್ತಿರವಾಗುತ್ತದೆ.

ಬೋಲ್ಟ್ ಕೂರುವ ತೂತಿನ ಮಧ್ಯದಲ್ಲಿ ಒಂದು ಗಂಟಿಟ್ಟು, ಅಲ್ಲಿಂದ ತೂತಿನ ಗೋಡೆಗೆ ಕೊಡೆಯ ಕಡ್ಡಿಗಳ ಹಾಗೆ ಬಿಗಿ ಜೋಡಣೆ ಕೊಡುವುದು ರೂಢಿ. ನಾಸ್ಟ್ರಾನ್ ಪ್ರೋಗ್ರಾಮಿನಲ್ಲಿ ಇದರ ಹೆಸರು ಆರ್‌ಬಿಇ2. ನನ್ನ ಬ್ರಾಕೆಟ್ಟಿನಲ್ಲಿ ನಾನು ಕಡ್ಡಿಗಳನ್ನು ಮೂಲೆಯ ಗಂಟುಗಳಿಗೆ ಮಾತ್ರ ಕಟ್ಟಿದೆ. ತೂತಿನ ಸುತ್ತ ಕೆಂಪು ಚುಕ್ಕೆಗಳು ಬಂದವು. ಸ್ಟ್ರೆಸ್ ಹೆಚ್ಚು, ಬ್ರಾಕೆಟ್ ದಪ್ಪ ಮಾಡಬೇಕು ಎಂದು ಬರೆದೇಬಿಟ್ಟೆ.

ಧಾರವಾಡ ಕಡೆಯ ಹಿರಿಯರೊಬ್ಬರು ನೋಡಿ ಕೇಳಿದರು: “ತಮ್ಮಾ, ನಡುವಿನ ಗಂಟು ಎಲ್ಲಿ ಹೋದ್ವು?”

“ಮೂಲಿ ಹಿಡದ್ರ ಸಾಕಲ್ರೀ ಸರ್?”

“ಜಮಖಾನಿ ನಾಕೂ ಮೂಲಿ ಹಿಡದು ಎತ್ತು. ನಡುವ ಏನಾಗ್ತದ?”

ಜೋತು ಬೀಳುತ್ತದೆ. ಇಲ್ಲಿ ಆದದ್ದೂ ಅದೇ. ಮೂಲೆಗಳು ಬಿಗಿಯಾಗಿ ಒಟ್ಟಿಗೆ ಸರಿದವು, ನಡುವಿನವು ತಮ್ಮಷ್ಟಕ್ಕೆ ಬಾಗಿದವು, ಜಗ್ಗಾಟವೆಲ್ಲ ಮೂಲೆಗಳಿಗೇ ಬಂತು. ಎಲ್ಲ ಗಂಟುಗಳನ್ನೂ ಕಟ್ಟಿದಾಗ ಆ ಚುಕ್ಕೆಗಳು ಮಾಯವಾದವು. ದಪ್ಪ ಮಾಡಬೇಕಾಗಿರಲಿಲ್ಲ. ಆದರೂ ಒಂದು ಎಚ್ಚರ ಬೇಕು: ಬಿಗಿದ ತೂತು ಅಂಡಾಕಾರವಾಗಲಾರದು, ಆದ್ದರಿಂದ ಅದಕ್ಕೆ ತಾಗಿದ ತುಂಡುಗಳ ಸ್ಟ್ರೆಸ್ ನಂಬದೆ, ಒಂದೆರಡು ಸಾಲು ಆಚೆ ನೋಡಬೇಕು.

ಬಿಗಿ ಮಾಡದೆ ಭಾರ ಹಂಚುವ ಇನ್ನೊಂದು ಜೋಡಣೆ ಆರ್‌ಬಿಇ3. ಇದು ಊರಹಬ್ಬದ ವಂತಿಗೆಯಂತೆ. ಯಾವ ಗಂಟಿಗೆ ಎಷ್ಟು ಪಾಲೆಂದು ನಾವೇ ಹೇಳಬೇಕು. ಸಮಪಾಲು ನ್ಯಾಯವೆನಿಸುತ್ತದೆ, ಆದರೆ ಮೇಲ್ದರ್ಜೆಯ ತುಂಡಿನಲ್ಲಿ ಅದು ತಪ್ಪು. ಆರು ಗಂಟಿನ ಸಮತಟ್ಟಾದ ತ್ರಿಕೋನ ಮುಖದ ಮೇಲೆ 600 ನ್ಯೂಟನ್ ಭಾರ ಒಂದೇ ಸಮನಾಗಿ ಹರಡಿದರೆ, ಲೆಕ್ಕದ ಪ್ರಕಾರ ಮೂಲೆಗಳ ಪಾಲು ಸೊನ್ನೆ; ನಡುವಿನ ಮೂರಕ್ಕೆ ತಲಾ 200. ಆರಕ್ಕೂ ನೂರು ನೂರು ಕೊಟ್ಟರೆ ಆ ಮುಖದ ಬಳಿ ಸ್ಟ್ರೆಸ್ ಏರುಪೇರಾಗುತ್ತದೆ.

ನಂಬಿಕೆ ಬಾರದಿದ್ದರೆ ನೀವೇ ಮಾಡಿ ನೋಡಿ. 20 ಮಿ.ಮೀ. ಅಗಲ, 30 ಮಿ.ಮೀ. ಎತ್ತರದ ಒಂದು ದಿಮ್ಮಿ ಮಾಡಿ, ಆರ್‌ಬಿಇ3 ಮೂಲಕ 6000 ನ್ಯೂಟನ್ ಎಳೆಯಿರಿ. ಇನ್ನೊಂದು ತುದಿಯನ್ನು ಉದ್ದಕ್ಕೆ ತಡೆದು, ಅಡ್ಡಕ್ಕೆ ಕುಗ್ಗಲು ಬಿಡಿ. ಸ್ಟ್ರೆಸ್ ಎಲ್ಲೆಡೆ ಚದರ ಮಿ.ಮೀ.ಗೆ 10 ನ್ಯೂಟನ್ ಬರಬೇಕು. ಬಾರದಿದ್ದರೆ ತಪ್ಪು ದಿಮ್ಮಿಯದಲ್ಲ, ಹಂಚಿಕೆಯದು.

ಅಂದು ಸಂಜೆ ಅಮೃತತುಲ್ಯದ ಅಂಗಡಿಯಲ್ಲಿ ಚಹಾ ಕುಡಿಯುತ್ತ, “ಹಂಗಾರ ಕೆಂಪು ಕಂಡಲ್ಲೆಲ್ಲಾ ಸುಳ್ಳು ಅನಬಹುದೇನ್ರೀ?” ಎಂದೆ. “ಹಂಗಂದ್ರ ಖರೇ ಬಿರುಕೂ ತಪ್ಪಿಸ್ಕೋತದ. ಮೊದ್ಲ ನಿನ್ನ ಗಂಟು ನೋಡ್ಕೋ, ಆಮ್ಯಾಲ ಕಬ್ಬಿಣದ ಮ್ಯಾಲ ತಪ್ಪು ಹೊರಸು” ಎಂದರು.

ಅಂದಿನಿಂದ ವರದಿ ಬರೆಯುವ ಮುನ್ನ ನಡುವಿನ ಗಂಟುಗಳನ್ನು ಎಣಿಸುತ್ತೇನೆ. ನೀವೂ ಎಣಿಸಿ.