ಹಂಪಿಗೆ ಹೋಗುವಾಗ ಅವರನ್ನೂ ಕರೆದೊಯ್ಯೋಣ



ಸಂಘದಿಂದ ಹಂಪಿಗೆ ಹೊರಟಾಗ ಕಾಲಿಲ್ಲದ ಸದಸ್ಯೆಯನ್ನೋ, ಕಣ್ಣು ಕಾಣದ ಮಗುವನ್ನೋ "ಪಾಪ, ಅವರಿಗ್ಯಾಕೆ ತ್ರಾಸು" ಅಂತ ಮನೆಯಲ್ಲೇ ಬಿಟ್ಟು ಹೋಗುತ್ತೇವೆ. ಆದರೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 29ನೇ ಕಲಂ ಪ್ರಕಾರ ಸಂಸ್ಕೃತಿ, ಮನರಂಜನೆಯಲ್ಲಿ ಎಲ್ಲರಷ್ಟೇ ಹಕ್ಕು ಅವರಿಗೂ ಇದೆ. ಅದನ್ನು ಕಾಪಾಡುವುದು ಸರ್ಕಾರದ ಕೆಲಸ.

ಹೇಮಕೂಟ, ಸಾಸಿವೆಕಾಳು ಗಣೇಶ, ಉಗ್ರನರಸಿಂಹ ನೋಡಲು ಯಾರಿಗೂ ಟಿಕೆಟ್ ಇಲ್ಲ. ವಿಜಯವಿಠ್ಠಲ ಗುಡಿಗೆ, ಕಮಲ ಮಹಲಿನ ಆವರಣಕ್ಕೆ ಟಿಕೆಟ್ ಇದೆ. 15 ವರ್ಷದೊಳಗಿನ ಮಕ್ಕಳಿಗೆ ಅಲ್ಲೂ ಉಚಿತ. ದೊಡ್ಡವರು ಯುಡಿಐಡಿ ಕಾರ್ಡು ತೋರಿಸಿ, ದುಡ್ಡು ಕೊಡುವ ಮೊದಲೇ ರಿಯಾಯಿತಿ ಇದೆಯೇ ಎಂದು ಕೇಳಬೇಕು. ಕೇಳೋದಕ್ಕೆ ನಾಚಿಕೆ ಯಾಕೆ?

ಖರೆ ಹೇಳಬೇಕೆಂದರೆ, ಟಿಕೆಟ್ಟಿಗಿಂತ ಕಲ್ಲು ಮೆಟ್ಟಿಲುಗಳೇ ದೊಡ್ಡ ತೊಡಕು. ಹೇಮಕೂಟ ಬರೀ ಬಂಡೆ, ಗಾಲಿಕುರ್ಚಿ ಏರದು. ವಿಠ್ಠಲ ಗುಡಿಗೆ ಗಾಡಿ ನಿಲ್ಲಿಸುವ ಜಾಗದಿಂದ ಬ್ಯಾಟರಿ ವಾಹನವಿದೆ. ಕಮಲ ಮಹಲಿನ ಸುತ್ತ ನೆಲ ಸಮತಟ್ಟು. ನಡೆಯಲಾಗದವರಿಗೆ ನಾವು ಮೊದಲು ಹೇಳುವುದು ಕಮಲಾಪುರದ ಮ್ಯೂಸಿಯಂ. ಬೆಟ್ಟ, ಹೊಳೆ, ಗುಡಿಗಳ ಸಮೇತ ಇಡೀ ಹಂಪಿಯ ದೊಡ್ಡ ಮಾದರಿ ಅಲ್ಲಿದೆ. ಒಂದೇ ಕಡೆ ಇದ್ದು ಎಲ್ಲಾ ನೋಡಬಹುದು. ಶುಕ್ರವಾರ ರಜೆ.

ಕಾರ್ಡು ಇಲ್ಲದವರು ಗ್ರಾಮ ಪಂಚಾಯ್ತಿಯ ಪುನರ್ವಸತಿ ಕಾರ್ಯಕರ್ತರನ್ನು ಕಾಣಿರಿ. 2021ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ ಹೊಸಪೇಟೆಯವರಿಗೆ ಜಿಲ್ಲಾ ಕೇಂದ್ರ ಊರಲ್ಲೇ ಇದೆ. ಸಂಡೂರು, ಕಂಪ್ಲಿಯವರಿಗೆ ಈಗಲೂ ಬಳ್ಳಾರಿಯೇ. ಮುಂದಿನ ವಾರದ ಸಭೆಯಲ್ಲಿ ಯಾರ ಮನೆಯಲ್ಲಿ ಕಾರ್ಡಿದೆ, ಯಾರ ಮನೆಯಲ್ಲಿಲ್ಲ ಎಂದು ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳಿ.